ಸುಳ್ಳಿಗೆ ಸೀಟಿ

"ಅತ್ತಿಗೀ, ಇನ್ನ ನೀವು ಓಣಿ ಓಣಿ ತಿರಗೂದು ಬ್ಯಾಡ್ರಿ! ಇದ ಹೋಗಿ ಎಲ್ಲಾರ್‍ನೂ ಮಾತಾಡಿಸ್ತೈತಿ!"

ರಾಣೆಬೆನ್ನೂರಿನಲ್ಲಿ ಮಿಕ್ಸಿ ರಿಪೇರಿ ಅಂಗಡಿ ಇಟ್ಟಿರುವ ನನ್ನ ಮೈದುನ ಮೈಲಾರಿ, ಹಳೇ ಕುಕ್ಕರಿಗೆ ಗಾಲಿ ಜೋಡಿಸಿ ನನ್ನ ಮುಂದೆ ನಿಲ್ಲಿಸಿದ್ದ. ಅದು ಪ್ರಶ್ನೆ ಕೇಳುತ್ತದೆ, ಉತ್ತರ ರೆಕಾರ್ಡ್ ಮಾಡಿಕೊಳ್ಳುತ್ತದೆ. ದನಿಯಲ್ಲಿ ಸುಳ್ಳಿನ ನಡುಕ ಕೇಳಿಸಿದರೆ ಸೀಟಿ ಹೊಡೆಯುತ್ತದೆ!

ನನಗೂ ಬೇರೆ ದಾರಿಯಿರಲಿಲ್ಲ. ಹಗಲೆಲ್ಲ ಅಂಗನವಾಡಿ ಕೆಲಸ, ಉಳಿದ ಹೊತ್ತಿನಲ್ಲಿ ದೂರಶಿಕ್ಷಣದ ಸಮಾಜಕಾರ್ಯದ ಓದು. ಮನೆಯಲ್ಲೇ ಹಪ್ಪಳ ಲಟ್ಟಿಸುವ ಹೆಂಗಸರ ಬದುಕಿನ ಬಗ್ಗೆ ನನ್ನ ಸಂಶೋಧನೆ. ಆ ತಿಂಗಳೊಳಗೆ ಅದು ಮುಗಿಯದಿದ್ದರೆ ವರ್ಷವೇ ಹೋದಂತೆ! ಮಾರ್ಗದರ್ಶಕ ಪ್ರೊಫೆಸರ್ ಹಂಪಿಹೊಳಿಯವರೋ ದೂರದೂರಿನಲ್ಲಿದ್ದು ಫೋನೇ ಎತ್ತುತ್ತಿರಲಿಲ್ಲ.

ಯಂತ್ರ ಮೊದಲು ಹೋದದ್ದು ಪಕ್ಕದ ಮನೆಯ ನೀಲವ್ವನ ಬಳಿಗೆ. ಹಿಂದೆಯೇ ನಾವಿಬ್ಬರು.

"ಮನೆಯಲ್ಲಿ ಸುಖವಾಗಿದ್ದೀರಾ?"

"ಹೂಂ, ಆರಾಮ ಅದೀನ್ರಿ."

ಪೀಂ...!

ಅವಳ ಅತ್ತೆ ಗುರುಸಿದ್ಧವ್ವ ಲಟ್ಟಣಿಗೆ ಹಿಡಿದೇ ಹೊರಬಂದಳು. "ಏನ ಚಾಡಿ ಹೇಳಾಕತ್ತಿಯವಾ ನನ್ನ ಮ್ಯಾಲೆ?"

"ನಿಜ ಹೇಳಿ. ನಿಮ್ಮನ್ನು ಹೊಡೆಯುತ್ತಾರಾ?" ಎಂದಿತು ಯಂತ್ರ.

ನೀಲವ್ವ ಬಿಳಿಚಿಕೊಂಡಳು. ನಾವು ಹೋದ ಮೇಲೂ ಆ ಮನೆಯಲ್ಲಿ ಇರಬೇಕಾದವಳು ಅವಳು!

"ಮೈಲಾರೀ, ಬಂದ್ ಮಾಡೋ!"

"ಬಂದ್ ಮಾಡೋ ಗುಂಡೀನ ಇಟ್ಟಿಲ್ರೀ ಅತ್ತಿಗೀ!"

ನಾನು ಕುಕ್ಕರನ್ನು ಎತ್ತಿ ಗುರುಸಿದ್ಧವ್ವನ ಎದುರಿಗಿಟ್ಟೆ.

"ನೀವು ಸುಖವಾಗಿದ್ದೀರಾ?"

ಆಕೆ ಗಕ್ಕನೆ ನಿಂತಳು. "ಇಷ್ಟ್ ವರ್ಸದಾಗ ನನ್ನ ಯಾರ್ ಕೇಳ್ಯಾರವಾ ಇದನ್ನ?" ಎಂದವಳು ಹೊಸ್ತಿಲ ಮೇಲೆ ಕುಸಿದು ಕೂತು, ತನ್ನ ಅತ್ತೆಯ ಕಾಲದಿಂದ ಶುರುಮಾಡಿದಳು. ಸೊಸೆ ನೀರು ತಂದುಕೊಟ್ಟಳು.

ಆ ರೆಕಾರ್ಡನ್ನು ಅಳಿಸಿಹಾಕಿಸಿದೆ. ಆಮೇಲೆ ದಿನಾ ಸಂಜೆ ನಾನೇ ಆ ಹೆಂಗಸರ ಜೊತೆ ಕೂತು ಹಪ್ಪಳ ಲಟ್ಟಿಸುತ್ತಾ ಕೇಳಿದೆ. ಅವರ ಹೆಸರು ಬದಲಿಸಿ ಪ್ರಬಂಧ ಬರೆದು ಕಳಿಸಿದೆ.

ಕೊನೆಗೆ ವಿಡಿಯೊ ಕರೆಯಲ್ಲಿ ಮೌಖಿಕ ಪರೀಕ್ಷೆ. ಪ್ರೊಫೆಸರರ ಜೊತೆ ಇನ್ನೊಬ್ಬ ಪರೀಕ್ಷಕಿ.

"ನಿಮ್ಮ ಪ್ರಬಂಧ ಪೂರ್ತಿ ಓದಿದ್ದೇನಮ್ಮ," ಎಂದರು ಪ್ರೊಫೆಸರ್.

ಬಂದ್ ಆಗದ ಯಂತ್ರವನ್ನು ಮುಚ್ಚಿಟ್ಟಿದ್ದ ಮೂಲೆಯ ಗೋಣಿಚೀಲದಡಿಯಿಂದ ಪೀಂ...!

"ಏನದು?"

"ಕುಕ್ಕರ್ ರೀ ಸರ್."

"ಅಂದ್ರೆ... ಅರ್ಧ ಓದಿದ್ದೇನೆ."

ಪೀಂ...!

"ನಿಜ ಹೇಳಿ," ಎಂದಿತು ಗೋಣಿಚೀಲ!

ಮುಗಿಯಿತು ನನ್ನ ಕತೆ, ಅಂದುಕೊಂಡೆ. ಪರೀಕ್ಷಕಿ ಮಾತ್ರ ಕನ್ನಡಕ ಸರಿಮಾಡಿಕೊಂಡು, "ಹಾಗಾದ್ರೆ ಈಗ್ಲೇ ಓದಿಬಿಡಿ ಸರ್, ಕಾಯ್ತೀವಿ," ಎಂದರು.

ಓದಿದರು! ನಾಲ್ಕು ಪುಟ ಹಾರಿಸಿ "ಇದೂ ಆಯ್ತು" ಎಂದಾಗಲೆಲ್ಲ ಪೀಂ! ಅವರ ಊಟದ ತಟ್ಟೆ ಅಲ್ಲಿಗೇ ಬಂತು, ಸಂಜೆಯ ಕಾಫಿಯೂ ಬಂತು. ಕೊನೆಯ ಪುಟ ಮುಗಿಸಿ ಅವರು ತಲೆ ಎತ್ತಿದರು.

"ಬಹಳ ಚೆನ್ನಾಗಿದೆಯಮ್ಮ. ಆದ್ರೆ ಮೂರು ಅಧ್ಯಾಯ ತಿದ್ದಿ ಬರೀಬೇಕು."

ಅವರು ಓದದೇ ಇದ್ದಿದ್ದರೆ ನಾನು ಅವತ್ತೇ ಪಾಸಾಗಿರುತ್ತಿದ್ದೆ.