ಗಂಟೋ, ಕಂತೋ?

"ಈ ಮನೆಯಲ್ಲಿ ದೊಡ್ಡ ತೀರ್ಮಾನಗಳೆಲ್ಲ ನನ್ನವು!" ಎಂದು ಡೆಲ್ಮರ್ ಟ್ರಿಪ್ಲೆಟ್ ಅಡುಗೆಮನೆಯ ಮೇಜು ಗುದ್ದಿ ಘೋಷಿಸಿದ. ಗುದ್ದಿದ ರಭಸಕ್ಕೆ ಕಾಫಿ ಚೆಲ್ಲಿತು. ಒರೆಸಿದವಳು ಹೆಂಡತಿ ಓಪಲ್. ಮದುವೆಯಾದ ಲಾಗಾಯ್ತಿನಿಂದ ದೊಡ್ಡ ತೀರ್ಮಾನ ಎನ್ನುವಂಥದ್ದು ಓಹಿಯೋ ನದಿ ದಂಡೆಯ ಆ ಪುಟ್ಟ ಮನೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಹಾಗಾಗಿ ಗಂಡನ ಈ ಅಧಿಕಾರವನ್ನು ಓಪಲ್ ಇದುವರೆಗೆ ಪ್ರಶ್ನಿಸಿರಲಿಲ್ಲ. ಈಗ ಬಂದೇಬಿಟ್ಟಿತ್ತು! ಸಕ್ಕರೆ ಡಬ್ಬಿಗೆ ಒರಗಿ ನಿಂತಿತ್ತು. ಪೆಟ್ರೋಲ್ ಬಂಕಿನಲ್ಲಿ ಚಿಲ್ಲರೆ ಇಲ್ಲವೆಂದು ಡೆಲ್ಮರ್ ತೆಗೆದುಕೊಂಡಿದ್ದ, ನಾಣ್ಯದಿಂದ ಕೆರೆದು ನೋಡುವ ಲಾಟರಿ ಚೀಟಿ. ಕೆರೆದು ನೋಡಿದರೆ ಮೊದಲ ಬಹುಮಾನವೇ ಬಂದಿತ್ತು! ಆ ಲಾಟರಿಯ ಹೆಸರೇ 'ಜೀವನಪೂರ್ತಿ'.

ಗೆದ್ದವರಿಗೆ ಎರಡು ದಾರಿ. ಒಂದೋ ಇಡಿಗಂಟಾಗಿ ಆರು ಲಕ್ಷ ಡಾಲರ್ ಒಮ್ಮೆಗೇ ಎತ್ತಿಕೊಂಡು ಬರಬೇಕು. ಇಲ್ಲವೇ ವಾರಕ್ಕೆ ಸಾವಿರ ಡಾಲರಿನಂತೆ, ಬದುಕಿರುವವರೆಗೂ ಕಂತು ಪಡೆಯಬೇಕು. ಯಾರು ಬದುಕಿರುವವರೆಗೆ? ಚೀಟಿಯ ಬೆನ್ನ ಮೇಲೆ ಯಾರ ಸಹಿ ಇದೆಯೋ ಅವರು. ಅವರು ಕಣ್ಣು ಮುಚ್ಚಿದ ವಾರ ಕಂತೂ ಬಂದ್.

ಡೆಲ್ಮರನಿಗೂ ಕಂತಿಗೂ ಹಳೆಯ ನಂಟು. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಈ ಮಹಾಶಯ ರೊಕ್ಕ ಎಣಿಸಿ ಕೊಟ್ಟು ಏನನ್ನೂ ಮನೆಗೆ ತಂದವನಲ್ಲ. ಫ್ರಿಜ್ಜು ಕಂತಿನದು, ಹುಲ್ಲು ಕತ್ತರಿಸುವ ಯಂತ್ರ ಕಂತಿನದು, ಕಾಲು ಚಾಚಿ ಮಲಗುವ ಕುರ್ಚಿಯೂ ಕಂತಿನದೇ. ವಿಶೇಷವೇನೆಂದರೆ, ಅವನು ಕಂತಿನ ಮೇಲೆ ತಂದ ಯಾವ ಸಾಮಾನೂ ಕಂತು ಮುಗಿಯುವ ತನಕ ಬಾಳಿದ್ದಿಲ್ಲ! ಫ್ರಿಜ್ಜು ಬೀರುವಾಗಿತ್ತು. ಕುರ್ಚಿ ಒಮ್ಮೆ ಹಿಂದಕ್ಕೆ ವಾಲಿದ್ದು ಮತ್ತೆ ಎದ್ದಿರಲಿಲ್ಲ. ಮೀನು ಹಿಡಿಯಲೆಂದು ತಂದ ದೋಣಿಯಂತೂ ನದಿಯ ತಳ ಸೇರಿದ ಮೇಲೂ ಎರಡು ವರ್ಷ ಅದಕ್ಕೆ ಹಣ ಕಟ್ಟಿದ್ದ.

"ಇಷ್ಟು ವರ್ಷ ನಾನು ಕಂತು ಕಟ್ಟಿದ್ದಾಯ್ತು. ಇನ್ನು ಕಂತೇ ನನ್ನ ಮನೆ ಬಾಗಿಲಿಗೆ ಬರಲಿ!" ಎಂದ ಡೆಲ್ಮರ್.

"ಗಂಟು ತಗೋ," ಎಂದಳು ಓಪಲ್.

"ಏನಂದೆ?"

"ಇಡಿಗಂಟು ತಗೋ ಅಂದೆ. ಸಹಿ ನೀನೇ ಹಾಕು. ಮುಗಿಸು ಅತ್ಲಾಗೆ."

"ನಾನು ಹಾಕೋದಾ? ನಮ್ಮ ಕಡೆ ಗಂಡಸರು ಎಪ್ಪತ್ತು ದಾಟಿದ್ದು ಯಾವಾಗ ನೋಡಿದೀಯ? ನಮ್ಮಪ್ಪ ಹುಲ್ಲು ಕತ್ತರಿಸ್ತಾ ಹೋದ. ದೊಡ್ಡಪ್ಪ ಫುಟ್‌ಬಾಲ್ ನೋಡ್ತಾ ಹೋದ, ಗೋಲೂ ನೋಡಲಿಲ್ಲ ಪಾಪ. ನಿಮ್ಮ ಕಡೆ ನೋಡು! ನಿಮ್ಮಮ್ಮ ತೊಂಬತ್ತೇಳು. ನಿಮ್ಮಜ್ಜಿ ನೂರು ದಾಟಿದ ಮೇಲೂ ಪಾದ್ರಿ ಜೊತೆ ಜಗಳಕ್ಕೆ ನಿಂತಿದ್ದಳು. ನಿಮ್ಮ ವಂಶದವರಿಗೆ ಸಾಯೋ ವಿದ್ಯೆನೇ ಬರಲ್ಲ ಕಣೇ! ಸಹಿ ನೀನು ಹಾಕು."

ಓಪಲ್ ಕಾಫಿ ಒರೆಸಿದ ಬಟ್ಟೆಯನ್ನು ತೊಟ್ಟಿಯಲ್ಲಿ ಹಿಂಡಿದಳು. ಹಿಂಡಿ ಮುಗಿದ ಮೇಲೂ ಹಿಂಡುತ್ತಲೇ ಇದ್ದಳು.

"ನಾನು ಹಾಕಲ್ಲ."

"ಯಾಕೆ?"

"ಪೆನ್ನು ಬರೀತಿಲ್ಲ."

"ಬೇರೆ ಪೆನ್ನಿದೆ."

"ಅದೂ ಬರೆಯಲ್ಲ."

ಅಂದಿನಿಂದ ಆ ಮನೆಯಲ್ಲಿ ಎರಡು ಪಕ್ಷಗಳಾದವು. ಗಂಡನದು ಕಂತಿನ ಪಕ್ಷ, ಹೆಂಡತಿಯದು ಗಂಟಿನ ಪಕ್ಷ. ಊಟಕ್ಕೆ ಕುಳಿತಾಗ ಇಬ್ಬರದೂ ಗಂಟುಮುಖ! ಬೀನ್ಸೂ ಜೋಳದ ರೊಟ್ಟಿಯೂ ಮಾತಿಲ್ಲದೆ ಆರಿ ತಣ್ಣಗಾಗುತ್ತಿದ್ದವು. ಇವಳಿಗೆ ಈ ವಯಸ್ಸಿನಲ್ಲಿ ದುಡ್ಡಿನ ಆಸೆ ಹತ್ತಿತಲ್ಲ ಎಂದು ಡೆಲ್ಮರ್ ಒಳಗೊಳಗೇ ಕೊರಗಿದ. ಅಲಂಕಾರದ ಹುಚ್ಚೂ ಹತ್ತಿರಬೇಕು ಎಂದುಕೊಂಡ. ಯಾಕೆಂದರೆ ಕೆಲವು ಕಾಲದಿಂದ ಅವಳು ಪ್ರತಿ ಮಂಗಳವಾರ ಕೂದಲು ಸಿಂಗರಿಸಿಕೊಳ್ಳಬೇಕೆಂದು ನಗರಕ್ಕೆ ಹೋಗಿ ಬರುತ್ತಿದ್ದಳು. ಕೂದಲು ಹೋದಾಗ ಹೇಗಿತ್ತೋ ಬಂದಾಗಲೂ ಹಾಗೇ ಇರುತ್ತಿತ್ತು. ಆದರೆ ಹೆಂಡತಿಯ ಕೂದಲನ್ನು ನೋಡುವ ಅಭ್ಯಾಸ ಡೆಲ್ಮರನಿಗೆ ಎಂದೋ ತಪ್ಪಿಹೋಗಿತ್ತು.

ಹೇಳಿ ಆಗದ್ದನ್ನು ಉಪಾಯದಿಂದ ಮಾಡಬೇಕು ಎಂದು ಅವನು ನಿರ್ಧರಿಸಿದ. ಅರಿಜೋನಾದಲ್ಲಿದ್ದ ಅಕ್ಕ ಮರ್ನಾಳ ಹುಟ್ಟುಹಬ್ಬ ಹತ್ತಿರ ಬಂದಿತ್ತು. ಟೋಪಿ ಹಾಕಿದ ಬೆಕ್ಕಿನ ಚಿತ್ರವಿದ್ದ ಒಂದು ಕಾರ್ಡು ತಂದ. ಒಳಗಡೆ ಬ್ಲೇಡಿನಿಂದ ಪುಟ್ಟದೊಂದು ಕಿಟಕಿ ಕೊರೆದ. ಹಿಂದಿನಿಂದ ಲಾಟರಿ ಚೀಟಿಯನ್ನು, ಸಹಿಯ ಜಾಗ ಮಾತ್ರ ಕಿಟಕಿಯಲ್ಲಿ ಕಾಣುವಂತೆ ಟೇಪು ಹಚ್ಚಿ ಕೂರಿಸಿದ. ಓಪಲಳ ಕನ್ನಡಕವನ್ನು ಬ್ರೆಡ್ಡಿನ ಡಬ್ಬಿಯಲ್ಲಿ ಬಚ್ಚಿಟ್ಟ. ಎಂಥ ಚಾಣಾಕ್ಷತನ! ತನ್ನ ಬುದ್ಧಿಗೆ ತಾನೇ ಬೆರಗಾಗಿ ಒಮ್ಮೆ ಕನ್ನಡಿ ನೋಡಿಕೊಂಡ.

"ಮರ್ನಾಗೆ ಕಾರ್ಡು. ಇಲ್ಲಿ ಬೆರಳು ಇಟ್ಟಿದೀನಲ್ಲ, ಇಲ್ಲೇ ಬರಿ. ಚಿಕ್ಕದಾಗಿ."

"ಕನ್ನಡಕ ಎಲ್ಲಿ ಹೋಯ್ತೋ..."

"ನಿನ್ನ ಹೆಸರು ಬರೆಯೋಕೆ ಕನ್ನಡಕ ಯಾಕೆ?"

ಓಪಲ್ ಬರೆದಳು. ಡೆಲ್ಮರ್ ಉಕ್ಕಿ ಬಂದ ನಗು ತಡೆಯಲಾರದೆ ಬಚ್ಚಲಿಗೆ ಓಡಿ, ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು ಮನಸಾರೆ ಕುಣಿದ. ಕುಣಿದು ಬೆವರೊರೆಸಿಕೊಂಡು ಹೊರಬಂದರೆ ಮೇಜು ಖಾಲಿ!

"ಕಾರ್ಡೆಲ್ಲಿ?"

"ಅಂಚೆಗೆ ಹಾಕಿ ಬಂದೆ," ಎಂದಳು ಓಪಲ್. "ನಿನ್ನ ನಂಬ್ಕೊಂಡ್ರೆ ಮರ್ನಾಗೆ ಮುಂದಿನ ವರ್ಷದ ಹುಟ್ಟುಹಬ್ಬಕ್ಕೆ ತಲುಪ್ತಿತ್ತು."

ಮನೆಯ ಚಪ್ಪಲಿಯಲ್ಲೇ ಡೆಲ್ಮರ್ ಓಡಿದ. ರಸ್ತೆಯ ಮೂಲೆಯಲ್ಲಿ ನೀಲಿ ಅಂಚೆಪೆಟ್ಟಿಗೆ ಏನೂ ಅರಿಯದಂತೆ ನಿಂತಿತ್ತು. ಅದರ ಬಾಯಿ ತೆರೆದು ಕೈ ಹಾಕಿದ. ಬೆರಳು ಹೋಯಿತು, ಮುಂಗೈ ಹೋಯಿತು, ಮೊಣಕೈ ಹೋಯಿತು. ಹೋದದ್ದು ವಾಪಸು ಬರಲಿಲ್ಲ! ಎಳೆದಷ್ಟೂ ಪೆಟ್ಟಿಗೆ ಕಚ್ಚಿಕೊಂಡಿತು. ಚರ್ಚಿನಲ್ಲಿ ಹಾಡಿನ ಅಭ್ಯಾಸ ಮುಗಿಸಿ ಬರುತ್ತಿದ್ದ ಹೆಂಗಸರು ಸುತ್ತ ನಿಂತರು. ಒಬ್ಬಳು ಬೆಣ್ಣೆ ತಂದು ಸವರಿದಳು. ಇನ್ನೊಬ್ಬಳು ಕೈ ಕತ್ತರಿಸುವುದೊಂದೇ ದಾರಿಯೇನೋ ಎಂದು ಕನಿಕರಪಟ್ಟಳು. ಸದ್ದು ಕೇಳಿ ಓಪಲ್ ಏಪ್ರನ್ನಿನಲ್ಲೇ ಬಂದಳು. ಕೊನೆಗೆ ಬೀಗದಕೈ ಗೊಂಚಲು ಆಡಿಸುತ್ತ ಅಂಚೆಯ ಹಾಲಿಸ್ ಬಂದ.

"ಹಾಕೋಕೆ ಬಾಯಿದೆ, ತೆಗೆಯೋಕೆ ನಾನಿದೀನಿ. ಮಧ್ಯೆ ನಿನ್ನದೇನಯ್ಯಾ ಕೆಲಸ? ಒಳಗೆ ಏನಿದೆ?"

"ನನ್ನ ಹೆಂಡತಿ!" ಎಂದು ಕೂಗಿದ ಡೆಲ್ಮರ್.

"ಓಪಲ್ ಇಲ್ಲೇ ನಿಂತಿದಾಳಲ್ಲ ಮಾರಾಯ!"

"ಅವಳ ಸಹಿ! ಅವಳ ಸಹಿ ಇದೆ ಒಳಗೆ!"

ಹಾಲಿಸ್ ಪೆಟ್ಟಿಗೆಯ ಬೆನ್ನು ತೆರೆದು ಒಳಗಿನಿಂದ ಕೈಯನ್ನು ನೂಕಿದ. ನಂತರ ಕಾರ್ಡನ್ನೂ ಹುಡುಕಿ ತೆಗೆದ. "ನಿಯಮ ನೋಡಿದ್ರೆ ಕೊಡಬಾರದು. ನಿನ್ನ ಕೈ ನೋಡಿದ್ರೆ ಕೊಡದೇ ಇರೋಕಾಗಲ್ಲ," ಎಂದು ಹೇಳಿ ಅದನ್ನು ಓಪಲಳ ಕೈಗೇ ಕೊಟ್ಟ.

ಓಪಲ್ ಕಾರ್ಡು ಬಿಡಿಸಿ ಕಣ್ಣಿನಿಂದ ದೂರ ಹಿಡಿದಳು. ಕಿಟಕಿ ನೋಡಿದಳು. ಹಿಂದಿನ ಟೇಪು ಕಿತ್ತಳು. ಚೀಟಿಯ ಒಂದು ಬದಿಗೆ 'ಜೀವನಪೂರ್ತಿ' ಎಂದು ಬಂಗಾರದ ಅಕ್ಷರ. ಇನ್ನೊಂದು ಬದಿಗೆ ಅವಳದೇ ಕೈಬರಹ: 'ಪ್ರೀತಿಯಿಂದ, ಓಪಲ್'. ಅವಳಿಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಸುತ್ತ ನಿಂತವರೂ ನಕ್ಕರು. ಅವರ ನಗು ನಿಂತ ಮೇಲೂ ಅವಳದು ನಿಲ್ಲಲಿಲ್ಲ, ಮತ್ತು ಅದು ನಗುವಲ್ಲ ಎಂದು ಎಲ್ಲರಿಗೂ ಗೊತ್ತಾಯಿತು. ಹೆಂಗಸರು ಒಬ್ಬೊಬ್ಬರೇ ಮನೆಯ ಕಡೆ ನಡೆದರು.

ಇಬ್ಬರೂ ರಸ್ತೆಯಂಚಿನ ಕಟ್ಟೆಯ ಮೇಲೆ ಕುಳಿತರು.

"ಗಂಟು ತಗೋ, ಗಂಟು ತಗೋ ಅಂತ ಬಡ್ಕೊಂಡೆ. ಕೇಳಿದೆಯಾ?"

"ಯಾಕೆ ಅಂತ ಹೇಳಬೇಕಿತ್ತು."

ಓಪಲ್ ಅವನ ಬೆಣ್ಣೆ ಮೆತ್ತಿದ ಕೈ ಹಿಡಿದು ತನ್ನ ಎಡಗಂಕುಳ ಕೆಳಗೆ ಒತ್ತಿಕೊಂಡಳು. ಅಲ್ಲೊಂದು ಗಂಟಿತ್ತು.

"ನನ್ನ ಪಾಲಿನದು ಆಗಲೇ ಬಂದಿದೆ ಕಣೋ. ಮಂಗಳವಾರ ಹೋಗ್ತಿದ್ದದ್ದು ಇದಕ್ಕೇ. ಬೇರೆ ಕಡೆಗೂ ಹಬ್ಬಿದೆಯಂತೆ. ನೀನು ನೋಡಿದ್ರೆ ಅಮ್ಮ ತೊಂಬತ್ತೇಳು, ಅಜ್ಜಿ ನೂರು ಅಂತ ಲೆಕ್ಕ ಹಾಕ್ತಾ ಖುಷಿಯಾಗಿ ಕೂತಿದ್ದೆ. ನಿನ್ನ ಲೆಕ್ಕ ಕೆಡಿಸೋಕೆ ನನಗೆ ಮನಸ್ಸು ಬರಲಿಲ್ಲ."

ದೊಡ್ಡ ತೀರ್ಮಾನಗಳ ಒಡೆಯ ಡೆಲ್ಮರ್ ಟ್ರಿಪ್ಲೆಟ್ ನಡುಬೀದಿಯಲ್ಲಿ ಮಗುವಿನ ಹಾಗೆ ಅತ್ತ. ಕಣ್ಣೊರೆಸಿಕೊಳ್ಳಲು ಹೋಗಿ ಮುಖಕ್ಕೆಲ್ಲ ಬೆಣ್ಣೆ ಬಳಿದುಕೊಂಡ. ಓಪಲ್ ಏಪ್ರನ್ನಿನ ತುದಿಯಿಂದ ಅದನ್ನೂ ಒರೆಸಿದಳು.

ಲಾಟರಿ ಆಫೀಸಿನಲ್ಲಿ ಕಿಟಕಿಯ ಹಿಂದೆ ಕುಳಿತಿದ್ದ ಹೆಣ್ಣುಮಗಳು ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಅಮ್ಮಾ, ಇಲ್ಲಿ 'ಪ್ರೀತಿಯಿಂದ' ಅಂತಿದೆ. ಅದು ನಿಮ್ಮ ಹೆಸರಾ?"

"ಅಲ್ಲಮ್ಮ, ಸ್ವಭಾವ. ಅದೂ ಕೆಲವು ದಿನ."

"ಸರಿ ಬಿಡಿ, ಸಹಿ ನಿಮ್ಮದೇ ತಾನೆ. ಇಡಿಗಂಟಾ, ಕಂತಾ?"

"ಗಂಟು," ಎಂದಳು ಓಪಲ್.

"ಕಂತು," ಎಂದ ಡೆಲ್ಮರ್.

"ಸಹಿ ಮಾಡಿದವರು ಹೇಳಬೇಕು ಸರ್."

ಓಪಲ್ ಗಂಡನ ಕಡೆ ತಿರುಗಿದಳು. "ನಿನಗೆ ತಲೆ ಕೆಟ್ಟಿದೆಯಾ? ಕಂತು ಅಂದ್ರೆ ನಾಲ್ಕು ದಿನ ಬಂದು ನಿಂತುಹೋಗುತ್ತೆ. ಗಂಟಾದ್ರೆ ನಾನು ಹೋದಮೇಲೂ ನಿನಗೆ ಇರುತ್ತೆ. ಫ್ರಿಜ್ಜಾದರೂ ತಗೋ, ಹಾಲು ಕೆಡಲ್ಲ."

"ನನಗೆ ಪೆನ್ಷನ್ ಇದೆ."

"ಆ ಪೆನ್ಷನ್ನಿಗೆ ಚಪ್ಪಲಿ ಬರಲ್ಲ!"

"ಗಂಟು ತಗೊಂಡ್ರೆ ನೀನು ಹೋಗ್ತೀಯ ಅನ್ನೋದಕ್ಕೆ ನಾನೂ ಸಹಿ ಹಾಕಿದ ಹಾಗಾಗುತ್ತೆ ಓಪಲ್," ಎಂದ ಡೆಲ್ಮರ್. "ನನ್ನ ಕೈಲಿ ಆಗಲ್ಲ. ಅವರು ಕೇಳ್ತಿರೋದು ನೀನು ಇರ್ತೀಯೋ ಇಲ್ವೋ ಅಂತ. ಇರ್ತೀಯ ಅಂತಲೇ ಬರೆಸು. ಸುಳ್ಳಾದ್ರೆ ಆಗಲಿ."

ಗಂಡನ ಅಂಗಿಯ ಕಾಲರು ಮಡಿಸಿಕೊಂಡಿತ್ತು, ಓಪಲ್ ಅದನ್ನು ಸರಿಮಾಡಿದಳು.

"ಜೀವನಪೂರ್ತಿ ದಡ್ಡನಾಗೇ ಉಳಿದೆಯಲ್ಲೋ," ಎಂದಳು. "ಬರ್ಕೊಳ್ಳಮ್ಮ, ಕಂತು."

ಹೊರಗೆ ಬಂದು ಗಾಡಿ ಹತ್ತುವಾಗ ಅವಳು ಇನ್ನೊಂದು ಮಾತು ಹೇಳಿದಳು. "ಅಂತೂ ನನ್ನನ್ನೂ ಕಂತಿನ ಮೇಲೇ ತಗೊಂಡೆ. ನೀನು ಕಂತಿನ ಮೇಲೆ ತಂದ ಸಾಮಾನಿನ ಗತಿ ಗೊತ್ತಲ್ಲ? ಸಾಮಾನು ಮೊದಲು ಹೋಗುತ್ತೆ, ಕಂತು ಉಳಿಯುತ್ತೆ."

"ಇದರಲ್ಲಿ ಹಾಗಿಲ್ಲ ಕಣೇ. ಎರಡೂ ಒಟ್ಟಿಗೇ ಅಂತ ಚೀಟಿಯಲ್ಲೇ ಇದೆ," ಎಂದ ಡೆಲ್ಮರ್.

ಆಮೇಲೆ ಶುಕ್ರವಾರಗಳು ಬಂದವು. ಹಾಲಿಸ್ ಲಕೋಟೆ ತಂದು ಕೊಟ್ಟ ಕೂಡಲೇ ಡೆಲ್ಮರ್ ಗೇಟಿನಿಂದಲೇ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ: "ಓಪಲ್, ಬಂತು! ಈ ವಾರವೂ ಗೆದ್ದೆವು!" ಹೊಸ ಕುರ್ಚಿಯಲ್ಲಿ ಕಾಲು ಚಾಚಿ ಮಲಗಿದ ಓಪಲ್ ಒಳಗಿನಿಂದ ಉತ್ತರ ಕೊಡುತ್ತಿದ್ದಳು: "ನಾನಿನ್ನೂ ಇದೀನಿ ಅಂತ ಸರ್ಕಾರವೇ ಒಪ್ಪಿದ ಮೇಲೆ ಇದ್ದೇ ಇದೀನಿ ಬಿಡು!" ಆ ದುಡ್ಡಿನಲ್ಲಿ ಇಬ್ಬರೂ ಒಮ್ಮೆ ಸಮುದ್ರ ನೋಡಿ ಬಂದರು. ಹಾಲು ಕೆಡದ ಫ್ರಿಜ್ಜು ಬಂತು. ರೊಕ್ಕ ಎಣಿಸಿ ಕೊಟ್ಟು ತಂದದ್ದು! ಒಂದು ಮಂಗಳವಾರ ಅವಳು ನಗರದಿಂದ ಬಂದಿಳಿದಾಗ ಡೆಲ್ಮರ್ ಅವಳ ತಲೆಯನ್ನೇ ನೋಡುತ್ತ ನಿಂತ.

"ಕೂದಲು ತುಂಬಾ ಚೆನ್ನಾಗಿದೆ ಕಣೇ."

"ಮದುವೆಯಾಗಿ ಇಷ್ಟು ವರ್ಷಕ್ಕೆ ಈಗ ಕಣ್ಣಿಗೆ ಬಿತ್ತಾ? ಇದು ವಿಗ್ಗು ಕಣೋ!"

ಇಬ್ಬರೂ ನಕ್ಕರು. ಆ ರಾತ್ರಿ ಡೆಲ್ಮರನಿಗೆ ಊಟ ಸೇರಲಿಲ್ಲ.

ಅಂಗಳದ ಡಾಗ್‌ವುಡ್ ಮರ ಬೆಳ್ಳಗೆ ಹೂಬಿಟ್ಟ ವಾರ ಓಪಲ್ ಹೋದಳು. ಆ ವಾರವೇ ಕಂತು ನಿಂತಿತು. ಕ್ಷೌರದಂಗಡಿಯಲ್ಲಿ ಊರಿನ ಬುದ್ಧಿವಂತರು ಕೂತು, ಅವನು ಗಂಟು ತೆಗೆದುಕೊಂಡಿದ್ದರೆ ಎಷ್ಟು ಉಳಿಯುತ್ತಿತ್ತು ಎಂದು ಲೆಕ್ಕ ಹಾಕಿ, ಅವನಂಥ ಪೆದ್ದ ನದಿಯ ಎರಡೂ ದಂಡೆಯಲ್ಲಿ ಇಲ್ಲವೆಂದು ತೀರ್ಪು ಕೊಟ್ಟರು. ಡೆಲ್ಮರ್ ಅದನ್ನು ಕೇಳಿಸಿಕೊಂಡ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಆದರೂ ಶುಕ್ರವಾರ ಬಂತೆಂದರೆ ಅಂಗಿ ತೊಟ್ಟು, ಕಾಲರು ಸರಿಮಾಡಿಕೊಂಡು ಗೇಟಿನ ಹತ್ತಿರ ನಿಲ್ಲುತ್ತಿದ್ದ. ಹಲವು ವಾರ ತಲೆ ತಗ್ಗಿಸಿಕೊಂಡು ಮುಂದೆ ಹೋದ ಹಾಲಿಸ್ ಒಂದು ದಿನ ನಿಂತೇಬಿಟ್ಟ.

"ಇನ್ನು ಬರಲ್ಲ ಕಣಯ್ಯಾ ಡೆಲ್ಮರ್. ಕಂತು ಮುಗೀತು. ಯಾಕೆ ಹೀಗೆ ಬಿಸಿಲಲ್ಲಿ ನಿಲ್ತೀಯ?"

ಡೆಲ್ಮರ್ ಖಾಲಿ ಕೈಗಳನ್ನು ಗೇಟಿನ ಮೇಲಿಟ್ಟ.

"ಬರೋ ಕಂತು ಮುಗೀತು ಹಾಲಿಸ್," ಎಂದ. "ಓಪಲ್ ಹೇಳಿದ್ದೇ ಸರಿ. ನಾನು ಕಟ್ಟೋದು ಇನ್ನೂ ಇದೆ."