ಸ್ಟೀಲ್ ಹುಡುಗಿಯ ತವರುಮನೆ

ಮನುಷ್ಯನ ನೆನಪನ್ನು ನಂಬಬಾರದು ಎಂದು ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವನು ನಾನು. ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿ, ಈಗ ಹೆಬ್ಬಾಳದ ಆಚೆಯ ಒಂದು ಕಾಲೇಜಿನಲ್ಲಿ ಅದನ್ನೇ ಕಲಿಸುತ್ತೇನೆ. ಕಣ್ಣಾರೆ ಕಂಡವರೂ ಕಾಣದ್ದನ್ನು ಸೇರಿಸಿ ಹೇಳುತ್ತಾರೆ, ಹೇಳುತ್ತಾ ಹೇಳುತ್ತಾ ಅದನ್ನೇ ನಂಬುತ್ತಾರೆ ಎಂದು ವಿವರಿಸಿದರೆ ಹುಡುಗರು ತಲೆದೂಗಿ ಬರೆದುಕೊಳ್ಳುತ್ತಾರೆ. ಆದರೆ ಈ ಮಾತು ಮಿಕ್ಕವರ ನೆನಪಿಗೆ ಮಾತ್ರ ಅನ್ವಯಿಸುತ್ತದೆ ಎಂದು ನಾನು ಒಳಗೊಳಗೇ ತಿಳಿದುಕೊಂಡಿದ್ದೆ. ಹಲ್ಲಿನ ಡಾಕ್ಟರಿಗೂ ಹುಳುಕು ಹಲ್ಲಿರಬಹುದು ಎಂಬುದು ಡಾಕ್ಟರಿಗೆ ಸುಲಭವಾಗಿ ಹೊಳೆಯುವುದಿಲ್ಲ. ನನಗೆ ಹೊಳೆಯುವಂತೆ ಮಾಡಿದ್ದು ಒಂದು ಕಾರ್ಟೂನು. ಅದೂ ಹತ್ತು ನಿಮಿಷದ್ದು.

ವಿಷಯ ಹೀಗಿದೆ. ನಾನು ಓದುತ್ತಿದ್ದಾಗ ಆರ್.ಟಿ. ನಗರದಲ್ಲಿ ನಯಾಜ್ ಎಂಬ ಗೆಳೆಯನ ಜೊತೆ ಒಂದು ರೂಮಿನಲ್ಲಿದ್ದೆ. ಇಬ್ಬರಿಗೂ ಇಂಗ್ಲಿಷ್ ವಿಜ್ಞಾನ ಸಿನಿಮಾಗಳ ಹುಚ್ಚು. ಆಗ ಒಂದು ಚಿತ್ರ ಬಂದಿತ್ತು. ಯಾವುದೋ ದೂರದ ಗ್ರಹ, ಅಲ್ಲೊಂದು ಗಣಿ, ಗಣಿಯಲ್ಲಿ ಕೆಲಸ ಮಾಡುವ ಲೋಹದ ಹುಡುಗಿ. ನಾಯಕ ಆಡಿದ ಒಂದೊಂದು ಮಾತನ್ನೂ ನೆನಪಿಟ್ಟುಕೊಳ್ಳುವುದೇ ಅವಳ ವಿಶೇಷ. ಮೂರು ವರ್ಷ ಬಿಟ್ಟು ಅದರ ಎರಡನೇ ಭಾಗ ಬಂತು. ಕತೆಯಲ್ಲಿ ಮಾತ್ರ ಇಪ್ಪತ್ತು ವರ್ಷ ಕಳೆದುಹೋಗಿತ್ತು. ನಾಯಕನ ತಲೆ ನರೆತಿತ್ತು, ಆ ಹುಡುಗಿಗೆ ಅವನ ಗುರುತೇ ಇರಲಿಲ್ಲ. ಆ ಇಪ್ಪತ್ತು ವರ್ಷಗಳಲ್ಲಿ ಏನಾಯಿತು ಎಂದು ಜನ ಪೇಚಾಡಬಾರದೆಂದು ಚಿತ್ರ ತಯಾರಿಸಿದವರು ಎರಡನೇ ಭಾಗಕ್ಕೆ ಮುಂಚೆ ಮೂರು ಅನಿಮೇಷನ್ ಕಿರುಚಿತ್ರಗಳನ್ನು ಇಂಟರ್‌ನೆಟ್ಟಿಗೆ ಬಿಟ್ಟಿದ್ದರು. ಒಂದು ಸಿನಿಮಾದಿಂದ ಇನ್ನೊಂದಕ್ಕೆ ಹಾಕಿದ ಕಾಲುಸೇತುವೆಗಳು ಎನ್ನಿ.

ನನಗೆ ಈ ಏರ್ಪಾಟು ಬಹಳ ಹಿಡಿಸಿತ್ತು. ಚಿಕ್ಕಂದಿನಲ್ಲಿ ಯಶವಂತಪುರದ ಟಾಕೀಸಿನಲ್ಲಿ ಸಿನಿಮಾ ನೋಡುವಾಗ ಇಂಟರ್‌ವಲ್ಲಿಗೆ ಹೊರಗೆ ಹೋದವನು ಕಡಲೆಕಾಯಿ ಕೊಳ್ಳುವ ಗಲಾಟೆಯಲ್ಲಿ ಯಾವಾಗಲೂ ತಡವಾಗಿ ಒಳಗೆ ಬರುತ್ತಿದ್ದೆ. ಕತ್ತಲಲ್ಲಿ ತಡವರಿಸಿ ಕುಳಿತು ಪಕ್ಕದ ಸೀಟಿನವರನ್ನು "ಏನಾಯ್ತು ಅಂಕಲ್" ಎಂದು ಕೇಳಿದರೆ, "ಏನಿಲ್ಲ, ಅವರಮ್ಮ ಸತ್ತೋದ್ಲು, ನೋಡು ನೀನು" ಎನ್ನುತ್ತಿದ್ದರು. ಎಷ್ಟೊಂದು ತಾಯಂದಿರ ಸಾವು ನನಗೆ ಹೀಗೆ ಒಂದೇ ವಾಕ್ಯದಲ್ಲಿ ತಲುಪಿದೆ. ಆದ್ದರಿಂದ ಎರಡು ಭಾಗಗಳ ನಡುವಿನದನ್ನು ಸಾವಧಾನವಾಗಿ ಹೇಳುವವರ ಮೇಲೆ ನನಗೆ ಗೌರವ ಜಾಸ್ತಿ.

ಆ ಮೂರು ಕಿರುಚಿತ್ರಗಳಲ್ಲಿ ಮೂರನೆಯದು ನನ್ನ ಜೀವನದ ಮಧುರ ನೆನಪು. ಏಕೆಂದರೆ ಅದನ್ನು ನಾನು ನೋಡಿದ್ದು ಈಗ ನನ್ನ ಹೆಂಡತಿಯಾದ ಶೈಲಜೆಯ ಜೊತೆ, ಮದುವೆಗೆ ಮುಂಚೆ, ಸಿಂಗಾಪುರದ ಅವಳ ಮನೆಯಲ್ಲಿ. ಸಿಂಗಾಪುರ ಎಂದರೆ ವಿಮಾನ ಹತ್ತಿ ಹೋಗುವುದಲ್ಲ, ವಿದ್ಯಾರಣ್ಯಪುರದ ಪಕ್ಕದ್ದು. ಹುಡುಗಿ ನೋಡುವ ಶಾಸ್ತ್ರ ಮುಗಿದು, ಎರಡೂ ಕಡೆಯವರು ಒಪ್ಪಿಗೆಯನ್ನು ಬಾಯಿಬಿಟ್ಟು ಹೇಳದೆ ಎಳೆಯುತ್ತಿದ್ದ ದಿನಗಳಲ್ಲಿ, ಹುಡುಗ ಇನ್ನೊಂದು ಸಲ ಬಂದುಹೋಗಲಿ ಎಂದು ಅವರ ಮನೆಯಿಂದ ಕರೆ ಬಂದಿತ್ತು. ನಯಾಜ್ ಪೆನ್‌ಡ್ರೈವಿನಿಂದ ಹಾಕಿಕೊಟ್ಟಿದ್ದ ಕಿರುಚಿತ್ರಗಳು ನನ್ನ ಲ್ಯಾಪ್‌ಟಾಪಿನಲ್ಲಿದ್ದವು. ಮಾತು ಮುಗಿದುಹೋಗಿ ಮೌನ ಕವಿದಾಗ ಅದನ್ನು ತೆರೆದಿದ್ದೆ.

ಎಂಟು ವರ್ಷದ ಮೇಲೆ, ಹೋದ ಆಷಾಢದಲ್ಲಿ, ಅಲ್ಲಾಳಸಂದ್ರದ ನಮ್ಮ ಮನೆಗೆ ಇಂಟರ್‌ನೆಟ್ ಇರುವ ದೊಡ್ಡ ಟಿವಿ ಬಂತು. ಹುಡುಕಾಡುತ್ತಿದ್ದಾಗ ಅದೇ ಮೂರು ಕಿರುಚಿತ್ರಗಳ ಹೆಸರು ಕಣ್ಣಿಗೆ ಬಿತ್ತು. ಅವರೆಕಾಳು ಹಿಸುಕುವಷ್ಟು ನಿರಾಳವಾಗಿ ಸೋಫಾದಲ್ಲಿ ಕುಳಿತಿದ್ದ ಶೈಲಜೆಗೆ ಹೇಳಿದೆ:

"ಇದೇ ನೋಡು, ಮದುವೆಗೆ ಮುಂಚೆ ನಿಮ್ಮನೇಲಿ ನಾವಿಬ್ರೂ ನೋಡಿದ್ದು."

"ನಾವಿಬ್ರೂ ಅಂದ್ರೆ ಯಾರ್ಯಾರು?"

"ನೀನು, ನಾನು. ಮರ್ತೋಯ್ತಾ? ಪಕ್ಕದಲ್ಲೇ ಕೂತಿದ್ದೆ. ಭುಜಕ್ಕೆ ಭುಜ ತಾಗ್ತಿತ್ತು. ಲವಂಗದ ವಾಸನೆ ಬರ್ತಿತ್ತು. ಕೊನೇಲಿ ನೀನು ಕಣ್ಣೊರೆಸ್ಕೊಂಡೆ."

ಇದನ್ನು ನಾನು ಪ್ರತಿವರ್ಷ ಮದುವೆಯ ದಿನ ಹೇಳುತ್ತಾ ಬಂದಿದ್ದೇನೆ. ಅವಳು ಪ್ರತಿವರ್ಷ "ಹೂಂ" ಎನ್ನುತ್ತಾ ಫೋನು ನೋಡುತ್ತಾ ಬಂದಿದ್ದಾಳೆ. ಆವತ್ತು ಫೋನು ಚಾರ್ಜಿಗಿತ್ತು. ಹಾಗಾಗಿ ಎಂಟು ವರ್ಷದಲ್ಲಿ ಮೊದಲ ಸಲ ಅದು ಅವಳ ಕಿವಿಗೆ ಬಿತ್ತು.

"ಲವಂಗಾನಾ?" ಎಂದಳು. "ನಂಗೆ ಲವಂಗ ಆಗಲ್ಲ ಅಂತ ಪಲಾವ್‌ನಲ್ಲಿ ಆರಿಸಿ ಆರಿಸಿ ನಿಮ್ಮ ತಟ್ಟೆಗೆ ಹಾಕ್ತೀನಲ್ಲ. ಭುಜಕ್ಕೆ ಭುಜ ತಾಗಿಸ್ಕೊಂಡು ನಮ್ಮಪ್ಪನ ಮನೇಲಿ ನಾನು ಕೂತ್ಕೋತಿದ್ನಾ? ಯಾರ್ರೀ ಅವಳು?"

ನಾನು ನಕ್ಕೆ. ಅವಳು ನಗಲಿಲ್ಲ. ಎದುರಿನವರು ನಗದೇ ಇದ್ದಾಗ ನಗುವವನ ಮುಖ ತಪ್ಪಿತಸ್ಥನ ಮುಖದಂತೆ ಕಾಣುತ್ತದೆ ಎಂಬುದೂ ನನ್ನ ಪಾಠಗಳಲ್ಲಿ ಬರುತ್ತದೆ. ನನ್ನ ಬದುಕಿನಲ್ಲಿ ಇನ್ನೊಬ್ಬಳು ಇರಲೇ ಇಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ. ಆದರೆ ಭುಜ ನೆನಪಿದೆ, ಲವಂಗ ನೆನಪಿದೆ, ಕಣ್ಣೊರೆಸಿಕೊಂಡದ್ದು ನೆನಪಿದೆ. ಇಷ್ಟೆಲ್ಲ ನೆನಪಿದ್ದು ಮನುಷ್ಯರೇ ಬದಲಾಗುವುದು ಹೇಗೆ? ರಾತ್ರಿಯ ಊಟಕ್ಕೆ ಬೆಳಗಿನ ಉಪ್ಪಿಟ್ಟೇ ಬಂದಾಗ ಇದನ್ನು ಬಗೆಹರಿಸದೆ ವಿಧಿಯಿಲ್ಲ ಎಂದು ಗೊತ್ತಾಯಿತು.

ಮಾರನೆಯ ದಿನ ಕಾಲೇಜಿನಿಂದಲೇ ನಯಾಜ್‌ಗೆ ಫೋನ್ ಮಾಡಿದೆ. ಅವನು ಈಗ ಆರ್.ಟಿ. ನಗರದಲ್ಲೇ ಫ್ಲೆಕ್ಸ್ ಪ್ರಿಂಟ್ ಹಾಕುವ ಅಂಗಡಿ ಇಟ್ಟಿದ್ದಾನೆ.

"ಏನ್ ಗುರು, ಬದ್ಕಿದೀಯಾ?" ಎಂದ.

"ಆ ಮೂರನೇ ಕಾರ್ಟೂನ್ ಜ್ಞಾಪಕ ಇದ್ಯಾ? ನಾನು ಯಾರ ಜೊತೆ ನೋಡ್ದೆ?"

"ನೀನ್ ಯಾರ ಜೊತೆ ನೋಡ್ದೆ ಅಂತ ನಂಗೇನ್ ಗೊತ್ತು ಮಗಾ. ನನ್ ಜೊತೆ ಅಲ್ಲ, ಅಷ್ಟು ಬರ್ಕೊಡ್ತೀನಿ. ಯಾವ್ದು, ಆ ಹುಡುಗಿ ವಾಪಸ್ ಬರೋದಾ?"

"ಅದೇ. ವರ್ಷಕ್ಕೊಂದ್ಸಲ ತವರಿಗೆ ಬರ್ತಾಳಲ್ಲ. ಆ ವಯಸ್ಸಾದ ಅಪ್ಪ ಅವಳ ತಲೆಗೆ ಎಣ್ಣೆ ಒತ್ತಿ, ಮಡಿಲು ತುಂಬಿ ಕಳಿಸ್ತಾನಲ್ಲ."

ಅವನು ಪ್ರಿಂಟರಿನ ಸದ್ದನ್ನೂ ಮೀರಿ ಅಂಗಡಿಯಲ್ಲಿದ್ದವರಿಗೆಲ್ಲ ಕೇಳುವಂತೆ ನಕ್ಕ. "ಎಣ್ಣೆ ಅಲ್ವೋ ಮಾರಾಯ, ಮೆಮೊರಿ ತೆಗೀತಾನೆ ಅವ್ನು. ಕಂಪನಿ ಇನ್ಸ್‌ಪೆಕ್ಟ್ರು. ವರ್ಷಾವರ್ಷ ಫ್ಯಾಕ್ಟರಿಗೆ ಕರೆಸಿ ತಲೆ ಬಿಚ್ಚಿ ಕ್ಲೀನ್ ಮಾಡ್ತಾರೆ. ಅದಕ್ಕೇ ತಾನೆ ಸೆಕೆಂಡ್ ಪಾರ್ಟಲ್ಲಿ ಹೀರೋ ಯಾರು ಅಂತ ಅವ್ಳಿಗೆ ಗೊತ್ತಾಗಲ್ಲ. ತವರು ಅಂತೆ ತವರು. ನೀನು ಡಿಗ್ರಿ ಹೆಂಗ್ ಪಾಸಾದೆ?"

ಮನೆಗೆ ಬಂದು ಶೈಲಜೆ ಇನ್ನೂ ಆಫೀಸಿನಿಂದ ಬಂದಿರದ ಹೊತ್ತು ನೋಡಿ ಮೂರನೆಯದನ್ನು ಹಾಕಿದೆ. ಈಗಿನ ಟಿವಿಯಲ್ಲಿ ಆಡಿದ ಮಾತೆಲ್ಲ ಕೆಳಗೆ ಅಕ್ಷರಗಳಲ್ಲಿ ಬರುತ್ತದೆ. ಚಿತ್ರಗಳೆಲ್ಲ ನನಗೆ ನೆನಪಿದ್ದ ಹಾಗೇ ಇದ್ದವು. ಹಳದಿ ಬೆಳಕಿನ ಉದ್ದ ಕೋಣೆ, ಬಗ್ಗಿದ ಬೆನ್ನಿನ ಮುದುಕ, ನೆಲದ ಮೇಲೆ ಅವನ ಮುಂದೆ ತಲೆ ತಗ್ಗಿಸಿ ಕುಳಿತ ಹುಡುಗಿ, ಅವನ ಕೈಯಲ್ಲಿ ಸೀಸೆ. ಅಕ್ಷರಗಳು ಮಾತ್ರ ಬೇರೆ ಕತೆ ಹೇಳುತ್ತಿದ್ದವು. ಅದು ವಾರ್ಷಿಕ ತಪಾಸಣೆ. ಸೀಸೆಯಲ್ಲಿದ್ದದ್ದು ನೆನಪು ಕರಗಿಸುವ ದ್ರವ. ಮಡಿಲಿಗೆ ಇಟ್ಟ ಪೆಟ್ಟಿಗೆ, ಅವಳು ಎಲ್ಲಿಗೆ ಹೋದರೂ ಕಂಪನಿಗೆ ಸುಳಿವು ಕೊಡುವ ಯಂತ್ರ. ಹಾಗಾದರೆ ತವರಿನ ಕತೆ ಎಲ್ಲಿಂದ ಬಂತು? ಆವತ್ತು ಲ್ಯಾಪ್‌ಟಾಪಿನ ಸ್ಪೀಕರು ಸೊಳ್ಳೆಯಂತೆ ಗುಂಯ್‌ಗುಡುತ್ತಿತ್ತು, ಆ ಇಂಗ್ಲಿಷಿನ ಒಂದು ಪದವೂ ನನಗೆ ತಿಳಿದಿರಲಿಲ್ಲ. ಇದು ಮೆಲ್ಲಗೆ ನೆನಪಾಯಿತು. ಅಥವಾ ಈಗ ಕಟ್ಟಿಕೊಂಡೆನೋ, ನನಗೆ ಇನ್ನು ಯಾವುದರ ಮೇಲೂ ಭರವಸೆಯಿಲ್ಲ.

ಅಷ್ಟರಲ್ಲಿ ಶೈಲಜೆ ಬಂದಳು. ಬಂದವಳೇ ತನಿಖೆಯನ್ನು ತನ್ನ ಕೈಗೆ ತೆಗೆದುಕೊಂಡು ಅವರಪ್ಪನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದಳು. ನಮ್ಮ ಮಾವ ಹನುಮಂತರಾಯಪ್ಪನವರು ಸಿಂಗಾಪುರದ ಹಳೆಯ ಮನೆತನದವರು. ಊರು ಲೇಔಟಾದ ಮೇಲೆ ಹಾರ್ಡ್‌ವೇರ್ ಅಂಗಡಿ ಇಟ್ಟವರು. ಅವರ ಮಾತಿನಲ್ಲಿ ಮಾತ್ರ ಹಳ್ಳಿ ಇನ್ನೂ ಸೈಟಾಗಿಲ್ಲ, ಹಕಾರಕ್ಕೂ ಅಲ್ಲಿ ಜಾಗ ಸಿಕ್ಕಿಲ್ಲ.

"ಅಪ್ಪ, ಮದುವೆಗೆ ಮುಂಚೆ ಇವರು ನಮ್ಮನೇಲಿ ಲ್ಯಾಪ್‌ಟಾಪ್‌ನಲ್ಲಿ ಏನೋ ತೋರಿಸಿದ್ರಂತೆ. ಪಕ್ಕದಲ್ಲಿ ಯಾರಿದ್ರು?"

"ಇಂಗ್ಯಾಕ್ ಕೇಳ್ತೀಯಮ್ಮ? ನಾನೇ ಇದ್ದಿದ್ದು. ನಿಮ್ಮಮ್ಮ ಒಲೆ ಮುಂದೆ, ನೀನು ಎಬ್ಬಾಳದ ಬ್ರಿಜ್ ಮ್ಯಾಲೆ ಬಸ್ಸಾಗೆ. ಬರ್ತೀನಿ ಬರ್ತೀನಿ ಅಂತ ಫೋನ್ ಮಾಡಿ ಮಾಡಿ, ಅಳಿಯಂದ್ರು ಓದ್ಮೇಲೆ ಬಂದೆ."

"ಲವಂಗ?"

"ಅಲ್ಲು ನೋವಿತ್ತು, ಕಡ್ಕೊಂಡಿದ್ದೆ."

"ಕಣ್ಣೊರೆಸ್ಕೊಂಡ್ರಂತೆ?"

"ಅದೂ ಅಲ್ಲು ನೋವಿಗೇ ಕಣಮ್ಮ" ಎಂದರು ಮಾವ.

ಎಂಟು ವರ್ಷ ನಾನು ಮೆಲುಕು ಹಾಕಿದ ಆ ಭುಜ ಯಾರದೆಂದು ಆಗ ತಿಳಿಯಿತು. ಸಿಮೆಂಟು ಮೂಟೆ ಎತ್ತಿ ಹದವಾದ ಭುಜ. ಅದರ ಸ್ಪರ್ಶಕ್ಕೆ ನಾನು ಆವತ್ತು ಪುಳಕಗೊಂಡಿದ್ದೆ ಎಂಬುದನ್ನು ಈ ಪ್ರಬಂಧದ ಓದುಗರು ತಮ್ಮಲ್ಲೇ ಇಟ್ಟುಕೊಳ್ಳಬೇಕು.

ಶೈಲಜೆ ನಗುತ್ತಾಳೆ, ಪ್ರಕರಣ ಮುಗಿಯುತ್ತದೆ, ಬಿಸಿ ಊಟ ಸಿಗುತ್ತದೆ ಎಂದುಕೊಂಡೆ. ಅವಳು ಫೋನಿಟ್ಟು ಟಿವಿಯ ಕಡೆ ತಿರುಗಿದಳು. "ಸ್ಟೀಲ್ ಹುಡುಗಿ ಕತೆ ಇದೇನಾ?" ಎಂದಳು. "ಆವತ್ತು ನಾನು ಮನೆಗೆ ಬಂದ್ಮೇಲೆ ಅಪ್ಪ ಆ ಕತೆ ಪೂರ್ತಿ ಹೇಳಿದ್ರು. ನೀವು ಬಾಯಲ್ಲಿ ಹೇಳಿದ್ದು ಅಂದ್ಕೊಂಡಿದ್ದೆ. ನಿಜ ಹೇಳ್ಬೇಕಂದ್ರೆ ನಂಗೆ ನೀವು ಅಷ್ಟಾಗಿ ಇಷ್ಟ ಆಗಿರ್ಲಿಲ್ಲ. ನೋಡೋಕೆ ಬಂದಾಗ ಕೇಸರಿಬಾತ್ ಮುಗಿಯೋವರೆಗೂ ಮನಸ್ಸಿನ ಬಗ್ಗೆ ಪಾಠ ಮಾಡಿದ್ರಿ. ಬೇಡ ಅನ್ನೋಣ ಅಂತಿದ್ದೆ. ಅಪ್ಪ ಅಂದ್ರು, ಈ ಹುಡುಗ ಯಂತ್ರದ ಹುಡುಗೀನೂ ತವರಿಗೆ ಕಳಿಸೋನು, ನಿನ್ನ ಕಳಿಸಲ್ವಾ ಅಂತ. ಅದಕ್ಕೆ ಹೂಂ ಅಂದೆ."

ಉಪ್ಪಿಟ್ಟಿನ ಭಯ ಹೋಗಿ ಅದಕ್ಕಿಂತ ದೊಡ್ಡ ಭಯ ಬಂತು. ನನ್ನ ಮದುವೆ ನಿಂತಿರುವುದೇ ಆವತ್ತು ಮಾವನಿಗೆ ನಾನು ಕನ್ನಡದಲ್ಲಿ ಹೇಳುತ್ತಾ ಹೋದ ಒಂದು ತಪ್ಪು ಅನುವಾದದ ಮೇಲೆ. ಅದು ತಪ್ಪೆಂದು ಗೊತ್ತಿರುವವನು ಈ ಮನೆಯಲ್ಲಿ ನಾನೊಬ್ಬನೇ. ಸುಮ್ಮನಿದ್ದುಬಿಡಬಹುದಿತ್ತು. ಆದರೆ ಸಂದೇಹ ಪಡುವವನ ಕಷ್ಟ ನಿಮಗೆ ಗೊತ್ತಿಲ್ಲ. ಗೊತ್ತಿರುವ ನಿಜವನ್ನು ಹೇಳದೆ ಕುಳಿತರೆ ಅವನಿಗೆ ಹೊಟ್ಟೆಯುಬ್ಬರ ಬರುತ್ತದೆ. ಸಾಲದ್ದಕ್ಕೆ ಮರುದಿನವೇ ಮಾವನ ಫೋನು ಬಂತು. "ಆ ಕತೆ ದೊಡ್ಡ ಟಿವಿಯಾಗೆ ಬತ್ತದಂತಲ್ಲ. ಬಾನುವಾರ ಬತ್ತೀನಿ. ಇನ್ನೊಂದ್ ಕಿತ ಏಳುವ್ರಂತೆ."

ಭಾನುವಾರ ಮಾವ ಒಗೆದ ಪಂಚೆಯುಟ್ಟು, ದಾರಿಯಲ್ಲಿ ಒಂದು ಡಜನ್ ಬಾಳೆಹಣ್ಣು ಕೊಂಡು ಬಂದರು. ಸೋಫಾದಲ್ಲಿ ನಡುವೆ ಅವರು, ಆ ಕಡೆ ಶೈಲಜೆ, ಈ ಕಡೆ ನಾನು. ಹಳದಿ ಕೋಣೆ ಬಂತು, ಹುಡುಗಿ ಬಂದಳು, ಮುದುಕ ಸೀಸೆ ಎತ್ತಿದ. "ಏಳಿ" ಎಂದರು ಮಾವ. ಶೈಲಜೆ ನನ್ನನ್ನೇ ನೋಡುತ್ತಿದ್ದಳು.

"ಮಾವ, ಅದು ಎಣ್ಣೆ ಅಲ್ಲ. ನೆನಪು ಅಳಿಸೋ ಔಷಧಿ. ಆ ಮನುಷ್ಯ ಅವಳ ಅಪ್ಪ ಅಲ್ಲ, ಕಂಪನಿಯವನು. ಇದು ತವರುಮನೇನೂ ಅಲ್ಲ. ಆವತ್ತು ನನಗೆ ತಿಳೀಲಿಲ್ಲ, ತೋಚಿದ್ದು ಹೇಳಿಬಿಟ್ಟಿದ್ದೀನಿ. ಈಗ ಕೆಳಗೆ ಬರೆದಿದೆ ನೋಡಿ."

ಮಾವ ಕೈಯೆತ್ತಿ ಚಿತ್ರ ನಿಲ್ಲಿಸುವಂತೆ ಸನ್ನೆ ಮಾಡಿದರು.

"ಅಳಿಯಂದ್ರೆ, ಆವತ್ತು ಕೆಳಗಡೆ ಅಕ್ಸರ ಬತ್ತಿತ್ತಾ?"

"ಇಲ್ಲ."

"ಬರೀ ಕಿವೀಲಿ ಕೇಳ್ಕಂಡೇ ಏಳಿದ್ರಿ?"

"ಹೌದು, ಆದ್ರೆ..."

"ಈಗ ಓದ್ಕಂಡ್ ಏಳ್ತಾ ಇದ್ದೀರ." ಅವರು ಮಗಳ ಕಡೆ ತಿರುಗಿ, ನನ್ನ ಬಗ್ಗೆ ನಿಜವಾದ ಮರುಕದಿಂದ ಹೇಳಿದರು: "ಅಬ್ಯಾಸ ತಪ್ಪೋಗದೆ ಕಣಮ್ಮ. ಆವಾಗ ಪಟಪಟ ಅಂತ ಅರ್ತ ಆಗ್ತಿತ್ತು ಅವ್ರಿಗೆ. ಇಂಗ್ಲೀಸು ಮರ್ತವ್ರೆ."

"ಹೂಂ ಅಪ್ಪ, ಇತ್ತೀಚೆಗೆ ಇವರಿಗೆ ಎಲ್ಲಾ ಮರೆತುಹೋಗ್ತಿದೆ" ಎಂದಳು ಶೈಲಜೆ. ಅವಳ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿದೆ. ಕೆಳಗಿನ ಅಕ್ಷರಗಳನ್ನು ಅವಳು ಸ್ಪಷ್ಟವಾಗಿ ಓದಿದ್ದಳು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಇದೊಂದರಲ್ಲಿ ಇಲ್ಲ. "ನೀವು ರಿಮೋಟ್ ಹಿಡ್ಕೊಂಡಿರಿ ಸಾಕು. ನಾನು ಹೇಳ್ತೀನಿ" ಎಂದು ಮುಂದಕ್ಕೆ ಸರಿದು ಕುಳಿತಳು.

ಚಿತ್ರವನ್ನು ಮೊದಲಿಂದ ಹಾಕಿಸಿದರು. "ನೋಡಪ್ಪ, ಈಗ ಬಂದ್ಲು. ಯಾಕಮ್ಮ ಇಷ್ಟು ಸೊರಗಿದೀಯಾ ಅಂತಿದ್ದಾರೆ" ಎಂದಳು. ಕೆಳಗೆ 'ಘಟಕದ ಸಂಖ್ಯೆ ತಿಳಿಸು' ಎಂಬರ್ಥದ ಇಂಗ್ಲಿಷ್ ಹಾದುಹೋಯಿತು. "ಬಸ್ಸಲ್ಲಿ ಜಾಗ ಸಿಗ್ಲಿಲ್ಲ ಅಪ್ಪ ಅಂತಾಳೆ." ಎಣ್ಣೆ ಬಂತು. ಮಾವ ತಮ್ಮ ಬೋಳುತಲೆಯನ್ನು ತಾವೇ ಸವರಿಕೊಂಡರು. ಅಲ್ಲಿಯವರೆಗೆ ಎಲ್ಲ ನಾನು ಎಂಟು ವರ್ಷದ ಹಿಂದೆ ಹೇಳಿದ್ದೇ. ಆಮೇಲೆ ನಾನು ಎಂದೂ ಹೇಳಿರದ, ಯಾವ ಅಕ್ಷರದಲ್ಲೂ ಇಲ್ಲದ ಒಂದು ಭಾಗ ಶುರುವಾಯಿತು. "ಅವಳಿಗೊಬ್ಬ ಗಂಡ ಇದ್ದಾನೆ ಅಪ್ಪ. ಎಲ್ಲಾ ನಂಗೊಬ್ಬನಿಗೇ ನೆನಪಿದೆ ಅಂತಾನಂತೆ. ಅವನ ಬಗ್ಗೆ ಹೇಳ್ಕೋತಿದ್ದಾಳೆ..."

ನಾನು ಅಕ್ಷರ ನೋಡುವುದನ್ನು ಯಾವಾಗ ಬಿಟ್ಟೆನೋ ಗೊತ್ತಿಲ್ಲ.

"ಆಮೇಲೆ?" ಎಂದೆ.

"ವಸಿ ಸುಮ್ಕಿರಿ ಅಳಿಯಂದ್ರೆ," ಎಂದರು ಮಾವ, "ಅವ್ಳು ಸರ್ಯಾಗಿ ಏಳ್ತಾವ್ಳೆ."