ಭಟ್ಟರ ಮೀನು ಶಿಕಾರಿ

ಆ ಭಾನುವಾರ ಕೊಪ್ಪದ ನಮ್ಮ ಮನೆಯ ಹಜಾರದಲ್ಲಿ ಇದ್ದವರು ನಾನು, ನನ್ನ ಹೆಂಡತಿ ಸುಮಿತ್ರ ಮತ್ತು ಮೀನಂಗಡಿಯ ಹಸನಬ್ಬ. ಗಾಜಿನ ತೊಟ್ಟಿಯ ಉಪ್ಪುನೀರಿನಲ್ಲಿ ಇದ್ದದ್ದು ಎರಡು ಮೀನು. ಒಂದು, ಕಲ್ಲಿನ ಸಂದಿಯಿಂದ ನಮ್ಮನ್ನು ಇಣುಕಿ ನೋಡುತ್ತಿದ್ದ ನೀಲಿ. ಇನ್ನೊಂದು, ಹರಿದ ಬಾಲ ಹೊತ್ತು ಮೂಲೆಯಲ್ಲಿ ಮುದುಡಿದ್ದ ಕಿತ್ತಳೆ. ನೀಲಿಯನ್ನು ಹಿಡಿದು ಹೊರಗೆ ಹಾಕದಿದ್ದರೆ ಕಿತ್ತಳೆ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಹಿಡಿಯಬೇಕಾದವನು ನಾನು ಎಂಬುದೂ ಗೊತ್ತಿತ್ತು. ಹಿಡಿಯುವುದು ಹೇಗೆ ಎಂಬುದೊಂದು ಮಾತ್ರ ನನಗೆ ಗೊತ್ತಿರಲಿಲ್ಲ.

ಮೀನು ಹಿಡಿಯುವುದು ನಮ್ಮ ಮನೆತನಕ್ಕೆ ಬಂದ ವಿದ್ಯೆಯಲ್ಲ. ನಾನು ಮೆಣಸೆಯವನು, ಶೃಂಗೇರಿಯ ಹೊಳೆಮೆಟ್ಟಿಲ ಮೇಲೆ ಅಜ್ಜಿಯ ಪಕ್ಕ ಕೂತು ಮೀನಿಗೆ ಮಂಡಕ್ಕಿ ಹಾಕುತ್ತ ಬೆಳೆದವನು. "ಕಾಲು ಅಲ್ಲಾಡ್ಸಡ ಮಾಣಿ, ಪಾಪ ಅವು ಹೆದರ್ತ" ಎನ್ನುತ್ತಿದ್ದಳು ಅಜ್ಜಿ. ಆ ಮೀನುಗಳೋ, ಯಾರಿಗಾದರೂ ಹೆದರಿದ್ದನ್ನು ನಾನು ಕಾಣೆ. ನನ್ನ ಬೆರಳನ್ನೇ ಮಂಡಕ್ಕಿಯೆಂದು ಬಗೆದು ಚೀಪಿ ನೋಡಿ, ರುಚಿಯಿಲ್ಲವೆಂದು ಬಿಟ್ಟು ಹೋಗುತ್ತಿದ್ದವು. ಹೀಗಾಗಿ ಮೀನೆಂದರೆ ಕರೆಯದೆಯೇ ಬರುವ ನೆಂಟರೆಂದು ನನ್ನ ತಿಳಿವಳಿಕೆ. ಓಡಿಹೋಗುವ ಮೀನಿನ ಪರಿಚಯವೇ ನನಗಿರಲಿಲ್ಲ.

ನನ್ನ ಕಸುಬು ಪಂಪ್‌ಸೆಟ್ ರಿಪೇರಿ. ನರಸಿಂಹರಾಜಪುರದ ಗಿರಾಕಿಯೊಬ್ಬರು ಊರು ಬಿಡುವಾಗ, "ಇದಕ್ಕೂ ಒಂದು ಪಂಪ್ ಉಂಟು, ನೀವೇ ನೋಡಿಕೊಳ್ಳಿ ಮಾರಾಯ್ರೆ" ಎಂದು ತೊಟ್ಟಿ, ಉಪ್ಪಿನ ಚೀಲ, ಒಂದು ರಾಶಿ ಹವಳದ ಕಲ್ಲು, ಜೊತೆಗೆ ಹೆಬ್ಬೆರಳಿನಷ್ಟು ದೊಡ್ಡ ನೀಲಿಯನ್ನು ಒಪ್ಪಿಸಿ ಹೋದರು. ಆ ಕಲ್ಲುಗಳನ್ನು ನಾನು ಪಾಗಾರ ಕಟ್ಟುವವನ ಶ್ರದ್ಧೆಯಿಂದ ಒಂದರ ಮೇಲೊಂದು ಜೋಡಿಸಿದೆ. ಎಷ್ಟು ಗುಹೆ, ಎಷ್ಟು ಹಿತ್ತಿಲ ಬಾಗಿಲು! ನೀಲಿಯ ಸುಖಕ್ಕೆಂದು ಕಟ್ಟಿದ್ದೇ ಹೊರತು, ಮುಂದೊಂದು ದಿನ ಜಪ್ತಿಗೆ ಹೋಗಬೇಕಾದೀತು ಎಂದು ಯಾರು ಕಂಡಿದ್ದರು? ಕಲ್ಲಿನ ಮೇಲೆ ನಿಧಾನಕ್ಕೆ ಅಂಗಿಯ ಗುಂಡಿಯಂಥ, ಅಣಬೆಯಂಥ ಜೀವಂತ ಹವಳಗಳೂ ಬೆಳೆದುಕೊಂಡವು.

ಸುಮಿತ್ರ ದಿನವೂ ಗಾಜಿಗೆ ಬಳೆಯಿಂದ ಮೆಲ್ಲಗೆ ತಟ್ಟಿ ನೀಲಿಗೆ ಊಟ ಹಾಕುತ್ತಿದ್ದಳು. ಒಬ್ಬನೇ ಇದ್ದಾನಲ್ಲ, ಬೇಜಾರಾದೀತು ಎಂದು ನಾನು ಶಿವಮೊಗ್ಗದಿಂದ ಕಿತ್ತಳೆಯನ್ನು ತಂದೆ. ನೀಲಿಗೆ ಬೇಜಾರಿರಲಿಲ್ಲ. ಅವನಿಗೆ ಇದ್ದದ್ದು ಆಸ್ತಿ. ಬಂದ ದಿನದಿಂದ ಕಿತ್ತಳೆಯ ಬಾಲ ಕಚ್ಚತೊಡಗಿದ. ಕಿತ್ತಳೆಯನ್ನು ಬಕೆಟ್ಟಿನಲ್ಲಿಟ್ಟು ನೋಡಿದೆ, ಇನ್ನಷ್ಟು ಸೊರಗಿತು. ಅಂಗಡಿಗೆ ಮರಳಿಸೋಣವೆಂದರೆ ಸುಮಿತ್ರ, "ಮನೆಗೆ ಬಂದ ಜೀವಕ್ಕೆ ಪೆಟ್ಟು ತಿನ್ನಿಸಿ ವಾಪಸ್ ಕಳಿಸೋದಾ?" ಎಂದಳು. ಉಳಿದದ್ದು ಒಂದೇ ದಾರಿ. ಗಟ್ಟಿ ಜೀವದ ನೀಲಿ ಹೊರಗೆ ಬರಬೇಕು.

ಬಲೆ ಹಿಡಿದು ಕೂತೆ. ನಾನು ಈ ಬಾಗಿಲಿಗೆ ಬಲೆ ಒಡ್ಡಿದರೆ ಅವನು ಆ ಬಾಗಿಲಲ್ಲಿ ನಿಂತು ನನ್ನನ್ನು ನೋಡುತ್ತಿದ್ದ. ಆಮೇಲೆ ಗದ್ದೆಯ ನೀರಿಗೆ ಬಿದಿರಿನ ಬುಟ್ಟಿ ಒಡ್ಡುವವರ ಹಾಗೆ, ಪ್ಲಾಸ್ಟಿಕ್ ಬಾಟ್ಲಿಯ ತಲೆ ಕೊಯ್ದು, ತಿರುಗಿಸಿ ಸಿಕ್ಕಿಸಿ, ಒಳಗೆ ಮೀನಿನ ತಿಂಡಿ ಇಟ್ಟು ಮುಳುಗಿಸಿದೆ. ನೀಲಿ ಬಂದ, ನೋಡಿದ, ಬೇರೆ ಕಡೆ ಉಂಡು ಮದುವೆಗೆ ಬಂದವರ ಹಾಗೆ ಉಪಚಾರಕ್ಕೊಂದು ಸುತ್ತು ಹಾಕಿ ಹೋದ. ಮರುದಿನವೂ ಹಾಗೆಯೇ. ಕಿತ್ತಳೆ ಮಾತ್ರ ತಾನಾಗಿ ಬಾಟ್ಲಿಯೊಳಗೆ ಹೋಗಿ ಕೂತಿತು, ಪಾಪ. ಅದಕ್ಕೆ ಇಡೀ ತೊಟ್ಟಿಯಲ್ಲಿ ಕ್ಷೇಮದ ಜಾಗ ಅದೊಂದೇ.

ಕೊನೆಗೆ ಹಸನಬ್ಬನವರನ್ನು ಕರೆದೆ. ಘಟ್ಟದ ಕೆಳಗಿನಿಂದ ಬರುವ ಕಡಲ ಮೀನನ್ನು ತಲೆಮಾರಿನಿಂದ ಮಾರುವವರು, ಅವರ ಫ್ರೀಜರಿನ ಮೋಟಾರು ನನ್ನ ಕೈಯಲ್ಲೇ ಬದುಕಿರುವುದು. ಅಂಗಿಯ ತೋಳು ಮಡಚಿಕೊಂಡು ಬಂದವರು ಬಲೆ ಹಿಡಿದು ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ನೀಲಿ ಗಾಜಿನ ಹತ್ತಿರ ಬಂದು ಅವರನ್ನು ನೋಡಿದ. ಅವರೂ ನೋಡಿದರು. ಸುಮಿತ್ರ ತಂದಿಟ್ಟ ಚಹಾ ಆರಿತು.

"ಭಟ್ರೆ, ಇದು ಕಣ್ಣು ತಿರುಗಿಸ್ತದೆ."

"ಮೀನಲ್ವಾ ಮಾರಾಯ್ರೆ, ತಿರುಗಿಸ್ತದೆ."

"ಹುಡುಗ ಇರುವಾಗಿಂದ ಮೀನು ಮಾರ್ತಿದ್ದೇನೆ. ಕಡಲ ಮೀನಿಗೆ ಜೀವ ಇರೋದನ್ನ ನೋಡೋದು ಇದೇ ಮೊದಲು." ಬಲೆಯನ್ನು ನನ್ನ ಕೈಗೆ ಕೊಟ್ಟರು. "ನನ್ನಿಂದ ಆಗೋದಿಲ್ಲ. ಐಸಿನ ಮೇಲೆ ಇದ್ರೆ ಹೇಳಿ, ಬರ್ತೇನೆ."

ಇನ್ನು ಕಲ್ಲುಗಳನ್ನೆಲ್ಲ ಕಿತ್ತು ಹಾಕುವುದೇ ಸೈ ಎಂದು ನಾನು ತೊಟ್ಟಿಗೆ ಕೈ ಹಾಕಿದೆ. ಆಗ ಕಿತ್ತಳೆ ಮೂಲೆಯಲ್ಲಿ ಒಂದು ಮಗ್ಗುಲಿಗೆ ವಾಲಿತು. ಸುಮಿತ್ರ ಎದ್ದು ಒಳಗೆ ಹೋಗಿ ಸ್ಟೀಲ್ ಚೊಂಬು ತಂದು ನೀರಿನಲ್ಲಿ ಅಡ್ಡ ಹಿಡಿದಳು. ಇನ್ನೊಂದು ಕೈಯ ಬಳೆಯಿಂದ ಗಾಜಿಗೆ ತಟ್ಟಿ, ಬೆರಳನ್ನು ಚೊಂಬಿನ ಬಾಯಿಯ ಮುಂದೆ ನೀರಿಗಿಳಿಸಿದಳು. ನೀಲಿ ಕಲ್ಲಿನ ಸಂದಿಯಿಂದ ಹೊರಟು, ನಮ್ಮಿಬ್ಬರನ್ನು ಲೆಕ್ಕಕ್ಕೇ ಇಡದೆ, ಅವಳ ಬೆರಳಿನ ಬಳಿ ಬಂದ. ಬೆರಳು ಚೊಂಬಿನತ್ತ ಸರಿದ ಕಡೆಗೆ ಹೋಗಿ ಅದರೊಳಗೆ ಸೇರಿಕೊಂಡ.

"ಇಷ್ಟು ದಿನ ಇದನ್ನ ಯಾಕೆ ಮಾಡ್ಲಿಲ್ಲ ನೀನು?"

"ನೀವು ಬಾಟ್ಲಿ ಇಡೋ ಮುಂಚೆ ದಿನಾ ಅವನ ಹೊಟ್ಟೆ ತುಂಬಿಸ್ತಿದ್ದೆ" ಎಂದಳು, ಚೊಂಬಿನೊಳಗೆ ನೋಡುತ್ತ. "ಎರಡೂ ಒಂದು ದಿನ ರಾಜಿ ಆಗ್ತವೆ ಅಂದ್ಕೊಂಡಿದ್ದೆ. ಅಲ್ಲಿ ತನಕ ನೀವು ಹಿಡಿಯೋದಿಲ್ಲ ಅಂತ ನನಗೆ ನಂಬಿಕೆ ಇತ್ತು."

ಮದುವೆಯಾದಂದಿನಿಂದ ಅವಳು ನನ್ನ ಮೇಲೆ ಇಷ್ಟು ಗಟ್ಟಿಯಾದ ನಂಬಿಕೆ ಇಟ್ಟದ್ದು ಅದೇ ಮೊದಲು. ಚೊಂಬನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಬಕೆಟ್ಟು ತೋರಿಸಿದರೂ ಕೊಡಲಿಲ್ಲ.

ಹಸನಬ್ಬ ಕೆಮ್ಮಿದರು. "ಅಕ್ಕ, ಇದನ್ನ ನಾನು ಸಾಕ್ಲಾ?"

"ಸಾಕ್ತೀರೋ, ಮಾರ್ತೀರೋ?"

"ಇದು ತಕ್ಕಡಿಗೆ ಗೊತ್ತೇ ಆಗೋದಿಲ್ಲ ಅಕ್ಕ."

ಅವಳು ನಕ್ಕಳು. ಕಣ್ಣು ಒರೆಸಿಕೊಂಡದ್ದು ಉಪ್ಪುನೀರು ಸಿಡಿದದ್ದಕ್ಕೆ ಎಂದಳು.

ಈಗ ಹಸನಬ್ಬನವರ ಅಂಗಡಿಯ ಒಳಗೋಡೆಯ ಹತ್ತಿರ ಒಂದು ಗಾಜಿನ ತೊಟ್ಟಿಯಿದೆ. ಪಂಪು ಕೂರಿಸಿದ್ದು ನಾನೇ. ಕಲ್ಲು ಕಡಿಮೆ ಇಟ್ಟಿದ್ದೇನೆ. ನಮ್ಮ ಮನೆಯಲ್ಲಿ ಕಿತ್ತಳೆಗೆ ಬಾಲ ಚಿಗುರಿದೆ, ಅದೀಗ ಕಲ್ಲುಮನೆಯ ಬಾಗಿಲುಗಳನ್ನೆಲ್ಲ ಒಂದೊಂದಾಗಿ ನೋಡಿಕೊಂಡು ಬರುತ್ತಿದೆ. ಸಂಜೆಯಾದರೆ ಸುಮಿತ್ರ ನೀಲಿಯ ತಿಂಡಿಯ ಸಣ್ಣ ಡಬ್ಬಿ ಹಿಡಿದು ಹೊರಡುತ್ತಾಳೆ, ಹಿಂದೆ ನಾನು. ಹಿಂದೆಲ್ಲ, ಮೋಟಾರು ಕೆಟ್ಟ ದಿನ ಬಿಟ್ಟರೆ, ಆ ಅಂಗಡಿ ಬಂದಾಗ ಮೂಗು ಮುಚ್ಚಿಕೊಂಡು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದವನು ನಾನು.

ಮೊನ್ನೆ ಮೆಣಸೆಯ ಚಿಕ್ಕಪ್ಪ ಕೊಪ್ಪಕ್ಕೆ ಬಂದಿದ್ದರು. ಬೀದಿಗೆ ತೊಟ್ಟಿ ಕಾಣುವುದಿಲ್ಲ, ಮಾರಾಟದ ಬಂಗುಡೆ ಮೀನು ಮಾತ್ರ ಕಾಣುತ್ತದೆ. ಅದರ ಹಿಂದೆ ನಿಂತಿದ್ದ ನನ್ನನ್ನು ಕಂಡು, "ಎಂತ ಮಾಣಿ, ಇಲ್ಲಿ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಹಸನಬ್ಬ ಪ್ರೀತಿಯಿಂದ, "ದಿನಾ ಬರ್ತಾರೆ ಭಟ್ರು, ಅಕ್ಕನೂ ಬರ್ತಾರೆ, ಒಂದು ಸಂಜೆ ತಪ್ಪಿಸೋದಿಲ್ಲ" ಎಂದರು. ಸುಮಿತ್ರ ಒಳಗೆ ಬಳೆ ತಟ್ಟುತ್ತಿದ್ದಳು. ಚಿಕ್ಕಪ್ಪ ನನ್ನನ್ನೊಮ್ಮೆ, ಬಂಗುಡೆಯನ್ನೊಮ್ಮೆ ನೋಡಿ, ಶೃಂಗೇರಿ ಬಸ್ಸು ಹತ್ತಿದರು.